ಅಕ್ಕ ತರುತ್ತಿದ್ದ ನೀರಿನ ಕ್ಯಾನು

ಅಕ್ಕ ನನ್ನ ಗಂಡನ ಊರಿಗೆ ಬರುವಾಗ ಒಂದು ಕ್ಯಾನಿನ ತುಂಬ ನೀರು ತರುತ್ತಿದ್ದಳು. ಅಡುಗೆ ಎಣ್ಣೆ ಬರುವ ಹಳದಿ ಕ್ಯಾನು ಅದು. ಬಾಯಿಗೆ ಪ್ಲಾಸ್ಟಿಕ್ ಹಾಳೆಯ ತುಂಡು ಇಟ್ಟು ಮುಚ್ಚಳ ತಿರುಗಿಸಿ, ಮೇಲೆ ಹಳೇ ರವಿಕೆಯ ಬಟ್ಟೆಯಿಂದ ಬಿಗಿದು ಕಟ್ಟಿರುತ್ತಿದ್ದಳು. ಯಡಿಯೂರಿನ ಹತ್ತಿರ ಇರುವ ನಮ್ಮ ಹುಟ್ಟೂರಿನಿಂದ ಕುಣಿಗಲ್, ಕುಣಿಗಲ್ಲಿನಿಂದ ತುಮಕೂರು, ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮತ್ತೆ ಗುಬ್ಬಿ ಬಸ್ಸು. ಎಲ್ಲ ಬಸ್ಸಿನಲ್ಲೂ ಕ್ಯಾನು ಅವಳ ಕಾಲಿನ ಹತ್ತಿರವೇ ಇರುತ್ತಿತ್ತು. ಒಮ್ಮೆ ಕಂಡಕ್ಟರ್, "ಏನಕ್ಕಾ, ಎಣ್ಣೆನಾ? ಚೆಲ್ಲಿದ್ರೆ ನೀನೇ ಒರ್ಸ್ಬೇಕು" ಅಂದನಂತೆ. ನೀರು ಅಂದದ್ದಕ್ಕೆ ನಕ್ಕು, "ಯಾಕೆ, ಗುಬ್ಬಿ ಕಡೆ ನೀರಿಲ್ವಾ?" ಅಂದನಂತೆ.

"ಐತೆ. ಕುಡಿಯಂಗಿಲ್ಲ" ಅಂದಳಂತೆ ಅಕ್ಕ.

ಇದನ್ನು ಅವಳೇ ನಮ್ಮ ಜಗುಲಿಯ ಮೇಲೆ ಕೂತು, ಅಕ್ಕಪಕ್ಕದ ಮನೆಯವರಿಗೂ ಕೇಳುವ ಹಾಗೆ ಹೇಳುತ್ತಿದ್ದಳು. ಊರಿನವರು ಬೇಸರ ಮಾಡಿಕೊಳ್ಳಲಿಲ್ಲ. ಆ ಹೊತ್ತಿಗಾಗಲೇ ನಮ್ಮ ಊರಿಗೆ ಕ್ಯಾನ್ಸರ್ ಇರುವ ಊರು ಅಂತ ಹೆಸರು ಬಂದಿತ್ತು. ಮದುವೆಗೆ ಬಂದ ನೆಂಟರು ಬಾಟಲಿ ನೀರು ಹಿಡಿದುಕೊಂಡೇ ಬರುತ್ತಿದ್ದರು. ಅಕ್ಕನದು ಕ್ಯಾನು, ಅಷ್ಟೇ.

ನಾವು ಇಬ್ಬರೇ ಹೆಣ್ಣುಮಕ್ಕಳು. ಅಕ್ಕನನ್ನು ಅದೇ ಊರಿನಲ್ಲಿದ್ದ ಸೋದರಮಾವನಿಗೆ ಕೊಟ್ಟರು. ಹಾಗಾಗಿ ಅವಳು ಹುಟ್ಟಿದ ಬೀದಿಯಲ್ಲೇ ಬಾಳಿದಳು. ಮಾವ ಬೇಗ ತೀರಿಕೊಂಡರು. ನನ್ನನ್ನು ಗುಬ್ಬಿ ತಾಲ್ಲೂಕಿಗೆ ಕೊಟ್ಟರು. ಗಂಡನಿಗೆ ತುಮಕೂರಿನಲ್ಲಿ ಕೆಲಸ ಸಿಕ್ಕಿದ ಮೇಲೆ ಅಲ್ಲೇ ಮರಳೂರಿನಲ್ಲಿ ಮನೆ ಮಾಡಿದೆವು. ಹಬ್ಬಕ್ಕೆ, ರಜೆಗೆ ಊರಿಗೆ ಹೋಗುತ್ತೇವೆ, ಅಕ್ಕ ಅಲ್ಲಿಗೆ ಬರುತ್ತಿದ್ದದ್ದು ಆಗಲೇ. ಊರಿನ ತೆಂಗಿನ ತೋಟವನ್ನು ಮೈದುನ ನೋಡಿಕೊಳ್ಳುತ್ತಾನೆ. ಅವನ ಹೆಂಡತಿ, ನನ್ನ ವಾರಗಿತ್ತಿ, ಊರಿನ ಆಶಾ ಕಾರ್ಯಕರ್ತೆ. ನಾನು ಮರಳೂರಿನ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತೇನೆ. ಎಸ್ಸೆಸ್ಸೆಲ್ಸಿಯ ತನಕ ಓದಿದ್ದೇನೆ. ಅಕ್ಕ ಹೋಗಿ ಇದು ಎರಡನೇ ವರ್ಷ.

ಅವಳು ಹೋದದ್ದು ಸ್ತನದ ಕ್ಯಾನ್ಸರಿನಿಂದ. ಆ ಕಾಯಿಲೆ ಇಲ್ಲವೇ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದ ಊರಿನಲ್ಲಿದ್ದು, ಅಲ್ಲಿಯ ನೀರನ್ನೇ ಕುಡಿದುಕೊಂಡು ಹೋದಳು. ಅವಳ ಮಗಳಿಗೆ ಈಗ ಮೂವತ್ತು ದಾಟಿದೆ. ಅಕ್ಕ ಹೋದ ಮೇಲೆ ನನಗೆ ಇದ್ದ ಚಿಂತೆ ಅವಳೊಬ್ಬಳದೇ. ಅವಳನ್ನು ಒಂದು ಸಲ ಡಾಕ್ಟರಿಗೆ ತೋರಿಸಬೇಕು ಅಂತ ನಾನು, ತೋರಿಸುವುದಿಲ್ಲ ಅಂತ ಅವಳು.

ಗುಬ್ಬಿ ಕಡೆಯ ನಮ್ಮ ಊರಿಗೆ ಆ ಹೆಸರು ಹೇಗೆ ಬಂತು ಅನ್ನುವುದನ್ನು ಮೊದಲು ಹೇಳಬೇಕು.

ಮೊದಲು ಬಂದದ್ದು ನನ್ನ ಅತ್ತೆಗೆ. ಬಾಯೊಳಗೆ ಹುಣ್ಣಾಗಿ ವಾಸಿಯಾಗಲಿಲ್ಲ. ಅತ್ತೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪನ್ನು ದವಡೆಯಲ್ಲಿ ಇಟ್ಟುಕೊಂಡೇ ಮಲಗುತ್ತಿದ್ದವರು. ಅವರ ಕಾಯಿಲೆಯನ್ನು ನೋಡಿಕೊಂಡ ವಾರಗಿತ್ತಿ, ಅವರು ತೀರಿಕೊಂಡ ಮೇಲೆ ಸುಮ್ಮನೆ ಕೂರಲಿಲ್ಲ. ತುಮಕೂರಿನ ಆಸ್ಪತ್ರೆಯೊಂದರಿಂದ ತಪಾಸಣೆಯ ವ್ಯಾನು ಹಳ್ಳಿಗಳಿಗೆ ಬರುತ್ತದೆ ಎಂದು ತಿಳಿದು ಅದನ್ನು ಊರಿಗೆ ಕರೆಸಿದಳು. ಬಾಯಿ ಬಲವಾದ ಹೆಂಗಸು ಅವಳು. ಮನೆಮನೆಗೆ ನುಗ್ಗಿ, ಒಲೆಯ ಮುಂದೆ ಕೂತಿದ್ದವರನ್ನೂ ಎಬ್ಬಿಸಿ ಕರೆತಂದಳು. "ಮುದ್ದೆ ನಾನು ತಿರುವ್ತೀನಿ, ನೀನು ಹೋಗಿ ತೋರ್ಸ್ಕೊಂಡ್ ಬಾ" ಅಂತ ಒಬ್ಬಳ ಕೈಯಿಂದ ಕೋಲು ಕಿತ್ತುಕೊಂಡದ್ದನ್ನು ನಾನೇ ನೋಡಿದ್ದೇನೆ. ಮುಂದಿನ ವರ್ಷವೂ ವ್ಯಾನು ಬಂತು, ಅದರ ಮುಂದಿನ ವರ್ಷವೂ ಬಂತು. ಬಂದಾಗಲೆಲ್ಲ ಕಾಯಿಲೆ ಇರುವವರು ಒಬ್ಬರೋ ಇಬ್ಬರೋ ಸಿಕ್ಕರು. ಕೆಲವರಿಗೆ ಆಪರೇಷನ್ ಆಗಿ ಈಗಲೂ ತೋಟಕ್ಕೆ ಹೋಗಿ ಗರಿ ಎಳೆಯುತ್ತಿದ್ದಾರೆ. ಆದರೆ ಹೊರಗಿನವರ ಕಣ್ಣಿಗೆ ಬಿದ್ದದ್ದು ಇಷ್ಟೇ: ಆ ಊರಿನಲ್ಲಿ ವರ್ಷಾ ವರ್ಷಾ ಕ್ಯಾನ್ಸರ್ ಬರುತ್ತದೆ.

ಪೇಪರಿನ ಜಿಲ್ಲಾ ಪುಟದಲ್ಲಿಯೂ ಬಂತು. ಬೋರ್‌ವೆಲ್ ಪಕ್ಕದಲ್ಲಿ ನಿಂತ ನಾಲ್ಕು ಜನರ ಫೋಟೋ ಹಾಕಿದ್ದರು. ಅವರಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ. ಪಂಚಾಯಿತಿಯವರು ನೀರನ್ನು ಪರೀಕ್ಷೆಗೆ ಕಳಿಸಿದರು. ಗಡಸು ನೀರು ಅಂದರು. ಅದು ನಮಗೆ ಗೊತ್ತಿದ್ದದ್ದೇ, ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ. ಕಾಯಿನ್ ಹಾಕಿದರೆ ಶುದ್ಧ ನೀರು ಬರುವ ಘಟಕ ಮಾಡಿಸಿಕೊಟ್ಟರು. ಅದಾದ ಮೇಲೂ ವ್ಯಾನಿನಲ್ಲಿ ಒಬ್ಬರು ಸಿಕ್ಕರು. ನೆಂಟರು ಬಾಟಲಿ ತರುವುದು ನಿಲ್ಲಲಿಲ್ಲ.

ಅಕ್ಕ ಆ ಘಟಕದ ನೀರನ್ನೂ ಮುಟ್ಟಲಿಲ್ಲ. ಆದರೆ ನಮ್ಮ ತೋಟದ ಎಳನೀರು ಅಂದರೆ ಅವಳಿಗೆ ಪ್ರಾಣ. ಬಂದ ಕೂಡಲೇ ಕ್ಯಾನನ್ನು ಮೂಲೆಗೆ ಇಟ್ಟು, "ಎರಡು ಕಾಯಿ ಕೆಡವ್ಸು" ಅನ್ನುತ್ತಿದ್ದಳು. ನನ್ನ ಗಂಡ ಒಂದು ದಿನ ಕಾಯಿ ಕೆತ್ತಿ ಕೈಗೆ ಕೊಡುತ್ತಾ ಕೇಳಿದರು.

"ಅತ್ತಿಗೆ, ಆ ಮರ ಕುಡಿಯೋ ನೀರು ಯಾವೂರ್ದು?"

"ಮರ ಸೋಸ್ತದೆ ಬುಡಪ್ಪ" ಅಂದಳು ಅಕ್ಕ, ಕಾಯಿಯನ್ನು ಬಾಯಿಂದ ತೆಗೆಯದೆ.

ಅವಳು ಬಂದಿದ್ದ ಒಂದು ದಿನವೇ ವ್ಯಾನು ಬಂದಿತ್ತು. ಶಾಲೆಯ ಮುಂದೆ ನಿಲ್ಲಿಸಿದ್ದರು. ವಾರಗಿತ್ತಿ ಜಗುಲಿಗೆ ಬಂದು, "ಅಕ್ಕಾ, ನೀವೂ ಬನ್ನಿ. ಒಂದ್ ನಿಮಿಷದ್ ಕೆಲ್ಸ" ಅಂದಳು.

"ನಂಗ್ಯಾಕೆ? ಅದು ನಿಮ್ಮೂರವ್ರಿಗೆ ಕಣೇ. ನಮ್ಮೂರ್ನಲ್ಲಿ ಆ ಕಾಯ್ಲೆ ಇಲ್ಲ."

"ಇಲ್ಲ ಅಂತ ಯಾರಕ್ಕಾ ನೋಡಿರೋರು?"

"ನೋಡೋದೇನು? ಇದ್ರೆ ಗೊತ್ತಾಗ್ತಿರ್ಲಿಲ್ವಾ? ಯಡಿಯೂರ್ ಸಿದ್ಲಿಂಗಪ್ಪನ ಗುಡಿ ಪಕ್ಕದಲ್ಲಿರೋ ಊರು ನಮ್ದು."

ವಾರಗಿತ್ತಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಸರಿ. ನಮ್ಮೂರ್ ನೀರು ಅಂತೀರಲ್ಲ, ನಮ್ಮತ್ತೆ ಹುಟ್ಟಿ ಬೆಳ್ದಿದ್ದು ತಿಪಟೂರ್ ಕಡೆ. ಆ ಮೂಲೆ ಮನೆಯೋಳು ಕೊರಟಗೆರೆಯೋಳು. ನಿಮ್ಮ ತಂಗಿ ನಿಮ್ಮೂರೋಳು. ನಾನು ಶಿರಾದೋಳು. ಈ ಊರಿನ ಹೆಂಗಸ್ರಲ್ಲಿ ಈ ಊರ್ ನೀರ್ ಕುಡ್ಕೊಂಡ್ ಹುಟ್ಟಿರೋರು ಯಾರಿದಾರೆ ತೋರ್ಸಿ ನೋಡಣ."

ಅಕ್ಕ, "ಅದ್ಕೇ ಹೇಳೋದು, ಇಲ್ಲಿಗೆ ಬಂದ್ಮೇಲೆ ಕೆಟ್ಟವ್ರೆ" ಅಂದಳು. ಜಗುಲಿಯ ಮೇಲಿದ್ದವರೆಲ್ಲ ನಕ್ಕರು. ವಾರಗಿತ್ತಿಯೂ ನಕ್ಕಳು. ನಾನು ಕೈ ಹಿಡಿದು ಎಳೆದೆ. ಅವಳು ಬರಲಿಲ್ಲ.

ನನಗೆ ಬೇರೆ ಒಂದು ವಿಷಯ ಗೊತ್ತಿತ್ತು. ಮರಳೂರಿನಲ್ಲಿ ಹೊಲಿಯುವವರು ಬಹಳ ಜನ ಇದ್ದಾರೆ. ಆದರೂ ನನ್ನ ಹತ್ತಿರ ದೂರದ ಹಳ್ಳಿಗಳಿಂದ ಕೆಲವು ಹೆಂಗಸರು ಬರುತ್ತಾರೆ. ಆಪರೇಷನ್ ಆಗಿ ಒಂದು ಕಡೆ ಇಲ್ಲದವರು. ಆ ಕಡೆಗೆ ಹತ್ತಿಯ ದಿಂಡು ಕೂರಿಸಿ, ಹೊರಗೆ ಗೊತ್ತಾಗದ ಹಾಗೆ ರವಿಕೆ ಹೊಲಿಯಬೇಕು. ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಅಲ್ಲಿ ಪರಿಚಯವಾದ ಒಬ್ಬರಿಗೆ ಹೊಲಿದುಕೊಟ್ಟೆ. ಅವರು ಇನ್ನೊಬ್ಬರಿಗೆ ಹೇಳಿದರು. ಅವರವರ ಊರಿನ ಟೈಲರ್ ಹತ್ತಿರ ಇದನ್ನು ಹೊಲಿಸುವ ಹಾಗಿಲ್ಲ, ಊರಿಗೆಲ್ಲ ತಿಳಿದುಬಿಡುತ್ತದೆ. ಅದಕ್ಕೇ ಇಲ್ಲಿಗೆ ಬರುತ್ತಾರೆ. ಮನೆಯಲ್ಲಿ ಕ್ಯಾತ್ಸಂದ್ರಕ್ಕೆ ಹೋಗಿ ಮಠ ನೋಡಿಕೊಂಡು ಬರುತ್ತೇನೆ ಅಂತ ಹೇಳಿ ಬರುವವರೂ ಇದ್ದಾರೆ. ಅಳತೆ ಕೊಡುವಾಗ ಬಾಗಿಲು ಹಾಕಿಸುತ್ತಾರೆ. ಯಾವ ಊರು ಅಂತ ಕೇಳಿದರೆ ಪಕ್ಕದ ದೊಡ್ಡ ಊರಿನ ಹೆಸರು ಹೇಳುತ್ತಾರೆ. ಮಾತು ಮುಂದುವರಿದಾಗ ನಿಜವಾದ ಊರು ತಾನಾಗಿ ಹೊರಗೆ ಬರುತ್ತದೆ. ಗುಬ್ಬಿ ಕಡೆಯವರು ಇದ್ದಾರೆ, ಕುಣಿಗಲ್ ಕಡೆಯವರೂ ಇದ್ದಾರೆ. ಪೇಪರಿನಲ್ಲಿ ಎಂದೂ ಹೆಸರು ಬಾರದ ಊರುಗಳವರೇ ಹೆಚ್ಚು.

ಇದನ್ನು ಅಕ್ಕನಿಗೆ ಹೇಳಿದ್ದೆ. "ನಿಮ್ಮ ಕಡೆಯಿಂದಾನೂ ಬರ್ತಾರೆ ಕಣಕ್ಕ" ಅಂದರೆ, "ಯಡಿಯೂರ್ನಿಂದ ಆಚೆಯವ್ರಿರ್ಬೇಕು" ಅಂದಳು.

ನಮ್ಮ ಹುಟ್ಟೂರಿನಿಂದಲೇ ಒಬ್ಬರು ಬರುತ್ತಿದ್ದರು. ಅಕ್ಕನ ಮನೆಯ ಹಿಂದಿನ ಬೀದಿಯವರು, ನನಗಿಂತ ಸ್ವಲ್ಪ ದೊಡ್ಡವರು. ಬೆಂಗಳೂರಿನಲ್ಲಿ ತಮ್ಮನ ಮನೆಯಲ್ಲಿದ್ದು ಆಪರೇಷನ್ ಮಾಡಿಸಿಕೊಂಡು ಬಂದಿದ್ದರು. ಊರಿನಲ್ಲಿ ತಮ್ಮನ ಹೆಂಡತಿಯ ಬಾಣಂತನಕ್ಕೆ ಹೋಗಿದ್ದೆ ಅಂತ ಹೇಳಿದ್ದರು. ಮೊದಲ ದಿನ ನನ್ನನ್ನು ನೋಡಿ ಬಾಗಿಲಿನಲ್ಲೇ ನಿಂತುಬಿಟ್ಟರು. ಆಮೇಲೆ ಒಳಗೆ ಬಂದು ನನ್ನ ಕೈಯನ್ನು ಹೊಲಿಗೆ ಮಿಶನ್ನಿನ ಮೇಲೆ ಇಡಿಸಿ ಆಣೆ ಹಾಕಿಸಿಕೊಂಡರು. ನಾನು ಯಾರಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಹೇಳುವ ಮಾತು ಅದಲ್ಲ.

ಅಕ್ಕನಿಗೆ ಗಂಟು ಸಿಕ್ಕಿದ್ದು ಯಾವಾಗ ಅಂತ ಸರಿಯಾಗಿ ಗೊತ್ತಿಲ್ಲ. ಹರಳೆಣ್ಣೆ ಹಚ್ಚಿ ಲಕ್ಕಿ ಸೊಪ್ಪಿನ ಶಾಖ ಕೊಟ್ಟುಕೊಂಡು ಬಹಳ ದಿನ ಸುಮ್ಮನಿದ್ದಳು. ಹಸು ತಿವಿದದ್ದು ಅಂದುಕೊಂಡಿದ್ದಳಂತೆ. ಹಸು ತಿವಿದದ್ದೂ ನಿಜವೇ. ಕೈ ಎತ್ತಲು ಆಗದೆ ಹೋದಾಗ ಮಗ ತುಮಕೂರಿಗೆ ಕರೆದುಕೊಂಡು ಬಂದ. ಅಷ್ಟು ಹೊತ್ತಿಗೆ ಅದು ಕಂಕುಳಿಗೂ ಆಚೆಗೂ ಹೋಗಿತ್ತು.

ಚಿಕಿತ್ಸೆಯ ಉದ್ದಕ್ಕೂ ಅವಳು ಮರಳೂರಿನ ನಮ್ಮ ಮನೆಯಲ್ಲಿದ್ದಳು. ನಮ್ಮ ನಲ್ಲಿಯ ನೀರನ್ನೇ ಕುಡಿದಳು. ಕ್ಯಾನಿನ ಮಾತು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಊರಿನಲ್ಲಿ ಮಗ ಹೇಳಿದ್ದು ಮಂಡಿನೋವಿನ ಚಿಕಿತ್ಸೆ ಅಂತ. ಅವನು ಕುಣಿಗಲ್ಲಿನಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಅವನಿಗೆ ಹೆಣ್ಣು ನೋಡುತ್ತಿದ್ದರು. ಸಿಗುವುದೇ ಕಷ್ಟವಾಗಿತ್ತು. ಈ ಸುದ್ದಿ ಹೊರಗೆ ಬಿದ್ದರೆ ಇನ್ನೂ ಕಷ್ಟ ಅನ್ನುವುದು ಅವನ ಭಯ. ಅದು ಸುಳ್ಳು ಭಯವಲ್ಲ. ನಮ್ಮ ಗುಬ್ಬಿ ಕಡೆಯ ಊರಿನಲ್ಲಿ ಎಷ್ಟು ಮಾತುಕತೆಗಳು ತಾಂಬೂಲದ ತನಕ ಬಂದು ನಿಂತುಹೋಗಿವೆ ಎಂದು ನಾನು ಬಲ್ಲೆ.

ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಹಾಸಿಗೆಯಿಂದ ಹಾಸಿಗೆಗೆ ಬಂದು ಊರು, ವಯಸ್ಸು ಬರೆದುಕೊಳ್ಳುತ್ತಿದ್ದಳು. ಯಾವ ಕಡೆ ಯಾವ ಕ್ಯಾನ್ಸರ್ ಎಷ್ಟಿದೆ ಅನ್ನುವ ಲೆಕ್ಕಕ್ಕೆ ಬೇಕಂತೆ. ಅಕ್ಕನ ಮಗ ಮರಳೂರು ಅಂದ.

"ಎಷ್ಟು ವರ್ಷದಿಂದ ಮರಳೂರಲ್ಲಿದೀರಾ?" ಅಂತ ಆ ಹುಡುಗಿ ಕೇಳಿದಳು.

"ಇರೋದೇ ಅಲ್ಲಿ ಮೇಡಂ" ಅಂದ ಅವನು.

ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ನಿದ್ದೆ ಬಂದಿದೆ ಅಂದುಕೊಂಡಿದ್ದೆವು. ಅವಳು ಹಾಗೇ ಮಲಗಿಕೊಂಡು, "ಇಲ್ಲ ಕಣವ್ವ, ಅದು ನನ್ನ ತಂಗಿ ಮನೆ. ನಮ್ಮೂರು ಯಡಿಯೂರ್ ಹತ್ರ. ನಮ್ಮೂರ್ ಹೆಸ್ರೇ ಬರ್ಕೋ" ಅಂದಳು.

"ಅಮ್ಮ, ಸುಮ್ಕಿರು" ಅಂದ ಮಗ.

"ಯಾಕೋ ಸುಮ್ಕಿರ್ಲಿ? ಹುಟ್ದಾಗ್ನಿಂದ ಅಲ್ಲಿದೀನಿ. ಕಾಯ್ಲೆ ಬಂದೇಟ್ಗೆ ಮರಳೂರೋಳಾಗ್ಬುಟ್ನಾ?"

ಹುಡುಗಿ ನನ್ನ ಮುಖ ನೋಡಿದಳು. ಅಕ್ಕ ಹೇಳಿದ ಹಾಗೆ ಬರೆದುಕೊಳ್ಳಿ ಅಂತ ನಾನು ತಲೆಯಾಡಿಸಿದೆ. ಅವಳು ಹೋದ ಮೇಲೆ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿ, "ನಮ್ಮೂರಲ್ಲಿ ಇಲ್ಲ, ನಮ್ಮೂರಲ್ಲಿ ಇಲ್ಲ ಅಂತ ಎಲ್ಲಾ ಹಾಯಾಗ್ ಕೂತವ್ರೆ. ನಾನೂ ಹಂಗೇ ಕೂತಿದ್ದೆ" ಅಂದಳು.

ಆ ವಾರ್ಡಿನ ಲೇಡಿ ಡಾಕ್ಟರ್ ಒಂದು ಮಧ್ಯಾಹ್ನ ಬಿಡುವಾಗಿದ್ದಾಗ ನಾನು ಕೇಳಿದೆ, ಗುಬ್ಬಿ ಕಡೆಯ ನಮ್ಮ ಊರಿನಲ್ಲೇ ಇದು ಯಾಕೆ ಹೆಚ್ಚು ಅಂತ. ಅವರು ನಿಮ್ಮ ಊರಿನಲ್ಲಿ ವಯಸ್ಸಾದವರು ಎಷ್ಟು, ಹರೆಯದವರು ಎಷ್ಟು ಅಂತ ಕೇಳಿದರು. ಹರೆಯದವರೆಲ್ಲ ತುಮಕೂರು, ಬೆಂಗಳೂರು ಸೇರಿದ್ದಾರೆ ಅಂದೆ. "ಹಾಗಿದ್ರೆ ಉಳಿದವರಲ್ಲಿ ವಯಸ್ಸಾದವರೇ ಜಾಸ್ತಿ. ಇದು ವಯಸ್ಸಾದವರಿಗೆ ಹೆಚ್ಚು ಬರೋ ಕಾಯಿಲೆ. ಲೆಕ್ಕ ಹಾಕೋವಾಗ ಅದನ್ನೂ ನೋಡ್ಬೇಕು. ಹೊಗೆಸೊಪ್ಪು ಹಾಕೋರು ಎಷ್ಟು ಜನ ಅಂತ ನೋಡ್ಬೇಕು. ಸಣ್ಣ ಊರಲ್ಲಿ ಒಂದು ವರ್ಷ ಒಬ್ಬರಿಗೆ ಹೆಚ್ಚಾಗಿ ಬಂದ್ರೂ ಭಾರಿ ಏರಿದ ಹಾಗೆ ಕಾಣುತ್ತೆ. ಮುಂದಿನ ವರ್ಷ ಯಾರಿಗೂ ಬರದಿದ್ರೆ ಹೊರಟೇ ಹೋಯ್ತು ಅನ್ಸುತ್ತೆ. ಒಂದೆರಡು ವರ್ಷ ನೋಡಿ ಏನೂ ಹೇಳೋಕಾಗಲ್ಲ" ಅಂದರು.

"ನೀರಿಂದ ಅಲ್ವಾ ಮೇಡಂ?"

"ನೀರಿಂದ ಅಲ್ಲವೇ ಅಲ್ಲ ಅಂತ ನಾನು ಹೇಳೋಕಾಗಲ್ಲಮ್ಮ. ನೀರಿಂದಾನೇ ಅಂತಾನೂ ಹೇಳೋಕಾಗಲ್ಲ. ಒಂದು ಮಾತ್ರ ಗೊತ್ತು. ಹುಡುಕಿದ ಊರಲ್ಲಿ ಸಿಗುತ್ತೆ, ಹುಡುಕದ ಊರಲ್ಲಿ ಸಿಗೋದಿಲ್ಲ. ಅಲ್ಲಿಂದ ತಡವಾಗಿ ಬರ್ತಾರೆ, ನಿಮ್ಮಕ್ಕನ ಥರ."

ಅಂದಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೂತಿದೆ. ಮಿಶನ್ ತುಳಿಯುವಾಗ ಯೋಚಿಸುತ್ತಿರುತ್ತೇನೆ. ಗುಬ್ಬಿ ಕಡೆಯ ಊರಿನಲ್ಲಿ ಎಷ್ಟೋ ಜನ ಸಿಕ್ಕರು, ಬಹಳ ಮಂದಿ ಉಳಿದರು, ಊರಿಗೆ ಕೆಟ್ಟ ಹೆಸರು ಬಂತು. ಕುಣಿಗಲ್ ಕಡೆಯ ಊರಿನಲ್ಲಿ ಯಾರೂ ಸಿಗಲಿಲ್ಲ, ಒಳ್ಳೆಯ ಹೆಸರು ಉಳಿಯಿತು, ಅಕ್ಕ ಹೋದಳು. ಹಿಂದಿನ ಬೀದಿಯವರ ಹಾಗೆ ತಮ್ಮನ ಮನೆಯ ವಿಳಾಸ ಕೊಟ್ಟವರೆಲ್ಲ ಬೆಂಗಳೂರಿನ ಲೆಕ್ಕಕ್ಕೆ ಸೇರಿರಬೇಕು. ಹೀಗೆ ನೆಂಟರ ಮನೆಯ ವಿಳಾಸ ಕೊಟ್ಟವರು ಎಷ್ಟು ಜನ ನಮ್ಮ ಮರಳೂರಿನ ಲೆಕ್ಕದಲ್ಲಿ ಇದ್ದಾರೋ.

ಅಕ್ಕ ಹೋದದ್ದು ಮಾಘ ಮಾಸದಲ್ಲಿ, ಊರಿನ ಮನೆಯಲ್ಲಿ. ಕೊನೆಯ ವಾರ ಊರಿಗೆ ಕರೆದುಕೊಂಡು ಹೋಗಿ ಅಂದಿದ್ದಳು. ನಾನು ಪಕ್ಕದಲ್ಲೇ ಇದ್ದೆ. ಬೆಳಿಗ್ಗೆ ಹಾಲು ಕರೆಯುವ ಹೊತ್ತು. ಅದರ ಬಗ್ಗೆ ಬರೆಯುವುದು ನನ್ನಿಂದ ಆಗುವುದಿಲ್ಲ.

ಸತ್ತ ಮನೆಯಲ್ಲಿ ವರ್ಷದೊಳಗೆ ಮದುವೆ ಮಾಡಿದರೆ ಒಳ್ಳೆಯದು ಅಂತ ಹಿರಿಯರು ಹೇಳಿದ್ದರಿಂದ ಮಗನಿಗೆ ಬೇಗ ಹೆಣ್ಣು ಕುದುರಿಸಿದರು. ಹೆಬ್ಬೂರು ಕಡೆಯ ಹುಡುಗಿ. ಅಕ್ಕನಿಗೆ ಏನಾಗಿತ್ತು ಅಂತ ಅವರು ಕೇಳಿದಾಗ ಹಾರ್ಟು ಅಂದಿದ್ದರು.

ಮಗಳ ಮನೆ ಇರುವುದು ಕುಣಿಗಲ್ ಟೌನಿನಲ್ಲಿ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಅವಳ ಹತ್ತಿರ ಎಷ್ಟು ಸಲ ಮಾತಾಡಿದೆನೋ ಲೆಕ್ಕವಿಲ್ಲ. ಫೋನು ಮಾಡಿದರೆ, "ಚಿಕ್ಕಮ್ಮ, ಅದೊಂದು ಬುಟ್ಟು ಬೇರೆ ಮಾತಾಡು" ಅನ್ನುತ್ತಿದ್ದಳು. ಒಂದು ಭಾನುವಾರ ಮನೆಗೇ ಹೋದೆ. ಕಾಫಿ ಕೊಟ್ಟು, ಎದುರಿಗೆ ಕೂತು, "ನೋಡು, ಅಮ್ಮ ನಿಮ್ಮೂರಿಗೆ ಬಂದೂ ಬಂದೂ ಅಲ್ಲಿಂದ ಅಂಟುಸ್ಕೊಂಡ್ಳು. ಎಳನೀರು ಕುಡಿಬೇಡ ಅಂತ ಎಷ್ಟ್ ಸಲ ಹೇಳಿದ್ದೆ" ಅಂದಳು.

ಅದು ಅಂಟುವ ಕಾಯಿಲೆ ಅಲ್ಲ, ನಾನು ಅಲ್ಲೇ ಬಾಳಿದವಳು, ನನಗೆ ಬಂದಿಲ್ಲವಲ್ಲ ಅಂದೆ.

"ನಿಂಗೆ ಅಭ್ಯಾಸ ಆಗೈತೆ" ಅಂದಳು. ಹೇಳುತ್ತಾ ಅವಳಿಗೇ ನಗು ಬಂತು. ಆಮೇಲೆ ಅತ್ತಳು. "ತೋರ್ಸಿದ್ರೆ ಇದೆ ಅಂದ್ಬುಡ್ತಾರೆ ಚಿಕ್ಕಮ್ಮ. ತೋರಿಸ್ದಿದ್ರೆ ಇಲ್ಲ. ಮಕ್ಳಿನ್ನೂ ಸಣ್ಣವು."

ವರ್ಷದ ತಿಥಿ ಹತ್ತಿರ ಬಂತು. ವಾರಗಿತ್ತಿ ಒಂದು ಯೋಚನೆ ಕೊಟ್ಟಳು. ವ್ಯಾನು ನಮ್ಮ ಹುಟ್ಟೂರಿಗೂ ಹಿಂದೆ ಒಮ್ಮೆ ಹೋಗಿತ್ತಂತೆ. ಶಾಲೆಯ ಮುಂದೆ ಸಂಜೆಯವರೆಗೆ ನಿಂತಿದ್ದು, ಒಬ್ಬರೂ ಬರದೆ ವಾಪಸು ಬಂತಂತೆ. ಜನ ಸೇರುತ್ತಾರೆ ಅಂತ ಖಾತ್ರಿ ಇದ್ದರೆ ಮಾತ್ರ ಮತ್ತೆ ಹೋಗುತ್ತೇವೆ ಅಂದರಂತೆ. "ತಿಥಿಗಿಂತ ಜನ ಇನ್ಯಾವಾಗ ಸೇರ್ತಾರಕ್ಕಾ? ಹೆಂಗಸ್ರು ಎಲೆ ಹಾಕೋ ತನ್ಕ ಸುಮ್ನೆ ಕೂತಿರ್ತಾರೆ. ಮನೆ ಹಿತ್ಲಲ್ಲೇ ನಿಲ್ಸಿದ್ರಾಯ್ತು" ಅಂದಳು.

ಅಕ್ಕನ ಮಗ ಒಪ್ಪಲಿಲ್ಲ. "ಚಿಕ್ಕಮ್ಮ, ಬೀಗರು ಬರ್ತಾರೆ. ವ್ಯಾನ್ ಮೇಲೆ ಕ್ಯಾನ್ಸರ್ ಅಂತ ಇಷ್ಟ್ ದಪ್ಪಕ್ಷರದಲ್ಲಿ ಬರ್ದಿರುತ್ತೆ. ನಮ್ಮೂರ್ಗೂ ನಿಮ್ಮೂರ್ ಹೆಸ್ರು ತರ್ತೀಯಾ?"

"ನಿಮ್ಮಮ್ಮ ಆಸ್ಪತ್ರೆಲಿ ಏನ್ ಹೇಳಿದ್ಲು?" ಅಂತ ಕೇಳಿದೆ. ಅವನು ಆಟೋದ ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸುತ್ತಾ, "ಹಿತ್ಲಲ್ಲಿ ನಿಲ್ಸಿ. ಮುಂದ್ಗಡೆ ಬೇಡ" ಅಂದ.

ತಿಥಿಯ ದಿನ ಅಕ್ಕನ ಫೋಟೋದ ಮುಂದೆ ಎಡೆ ಇಟ್ಟೆವು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವಳಿಗೆ ಇಷ್ಟವಾದ ಹೆಸರುಬೇಳೆ ಪಾಯಸ, ಹೊಸ ಸೀರೆ. ನಾನು ಗುಬ್ಬಿಯ ತೋಟದಿಂದ ತಂದಿದ್ದ ಎಳನೀರನ್ನು ಕೆತ್ತಿ ಪಕ್ಕಕ್ಕೆ ಇಟ್ಟೆ. ಮಗಳು ಅದನ್ನು ನೋಡಿದಳು. ತೆಗೆಯಲಿಲ್ಲ.

ವ್ಯಾನು ಹಿತ್ತಿಲಿಗೆ ಬಂತು. ಹುಲ್ಲಿನ ಬಣವೆಯ ಪಕ್ಕ ನಿಂತರೂ ಎಲ್ಲರಿಗೂ ಕಾಣುತ್ತಿತ್ತು. ವಾರಗಿತ್ತಿ ಎದ್ದು ವಿಷಯ ಹೇಳಿದಳು. ಯಾರೂ ಅಲ್ಲಾಡಲಿಲ್ಲ. ನಮ್ಮ ದೊಡ್ಡಮ್ಮ ಒಬ್ಬರು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಅವರು ನನ್ನನ್ನು ನೋಡಿ, "ಏನೇ, ತಿಥಿಗೆ ಕರ್ದು ಆಸ್ಪತ್ರೆ ತೋರುಸ್ತೀಯಾ? ಮುಂದಿನ್ ವರ್ಸ ಎಲ್ರ ತಿಥಿನೂ ಒಟ್ಗೇ ಮಾಡಣ ಅಂತ್ಲಾ?" ಅಂದರು. ಒಂದಿಬ್ಬರು ನಕ್ಕರು. "ಅವ್ಳಿಗೆ ಹಾರ್ಟ್ ಅಲ್ವಾ ಆಗಿದ್ದು?" ಅಂತ ಬೀಗರ ಕಡೆಯ ಒಬ್ಬರು ಮೆಲ್ಲಗೆ ಕೇಳಿದರು.

ಅಕ್ಕನ ಮಗಳು ಬಾಗಿಲ ಬಳಿ ನಿಂತಿದ್ದಳು. "ಹಾರ್ಟಲ್ಲ" ಅಂದಳು.

ಆಗ ಹಿಂದಿನ ಬೀದಿಯವರು ಎದ್ದು ನಿಂತರು. ನನ್ನ ಹತ್ತಿರ ಆಣೆ ಹಾಕಿಸಿಕೊಂಡಿದ್ದವರು. ಸೆರಗನ್ನು ಎರಡೂ ಭುಜಕ್ಕೆ ಎಳೆದುಕೊಂಡು, ಎಡೆಯ ಮುಂದೆ ನಿಂತು, ಯಾರ ಮುಖವನ್ನೂ ನೋಡದೆ, ಅಕ್ಕನ ಫೋಟೋಗೆ ಹೇಳುವ ಹಾಗೆ ಹೇಳಿದರು.

"ನಂಗೂ ಆಗಿತ್ತು. ಬೆಂಗ್ಳೂರಲ್ಲಿ ಆಪ್ರೇಷನ್ ಮಾಡಿಸ್ಕಂಡೆ. ಬಾಣಂತನಕ್ ಹೋಗಿರ್ಲಿಲ್ಲ. ಈ ರವ್ಕೆ ಒಂದ್ ಕಡೆ ಹತ್ತಿ. ಇವ್ಳೇ ಹೊಲ್ಕೊಟ್ಟಿದ್ದು."

ಹಿತ್ತಿಲಿನಿಂದ ವಡೆ ಕರಿಯುವ ಸದ್ದು ಕೇಳುತ್ತಿತ್ತು.

ದೊಡ್ಡಮ್ಮ ಕಾಲು ಮಡಚಿಕೊಂಡರು. "ಅಯ್ಯೋ ನಿನ್ನ. ಆ ಬಾಣಂತಿಗೆ ಅಂತ ನಾನು ಬೆಳ್ಳುಳ್ಳಿ ಕೊಟ್ ಕಳ್ಸಿದ್ನಲ್ಲೇ" ಅಂದರು.

"ತಿಂದೆ ಕಣತ್ತೆ. ನಾನೇ ತಿಂದೆ."

ಆಮೇಲೆ ಆದದ್ದು ಬಹಳ ಸಾಮಾನ್ಯವಾಗಿತ್ತು. ದೊಡ್ಡಮ್ಮ ಕೈ ಚಾಚಿ, "ಎಬ್ಸಮ್ಮ ನನ್ನ. ಬಾಯಿ ನೋಡ್ತಾರಂತಲ್ಲ, ಹಲ್ಲಿಲ್ದಿದ್ರೂ ನೋಡ್ತಾರಾ?" ಅಂತ ಎದ್ದರು. ಅವರ ಹಿಂದೆ ಇನ್ನಿಬ್ಬರು ಎದ್ದರು, ಆಮೇಲೆ ಒಬ್ಬೊಬ್ಬರಾಗಿ ಇನ್ನೂ ಹಲವರು. ಎಲ್ಲರೂ ಹೋಗಲಿಲ್ಲ. ಬೀಗರ ಕಡೆಯವರು ಅಲ್ಲೇ ಕೂತರು, ಆದರೆ ಎದ್ದೂ ಹೋಗಲಿಲ್ಲ, ಊಟ ಮಾಡಿಯೇ ಹೋದರು. ಅಕ್ಕನ ಮಗಳು ಕೊನೆಯವರೆಗೆ ಬಾಗಿಲಿನಲ್ಲೇ ಇದ್ದಳು. ವ್ಯಾನಿನವರು ಮೇಜು ಮಡಚುವ ಹೊತ್ತಿಗೆ ನನ್ನ ಹತ್ತಿರ ಬಂದು, "ನೀನೂ ಒಳಗ್ ಬಾ" ಅಂದಳು. ಹೋದೆ. ಪರದೆಯ ಈಚೆ ನಿಂತು ಅವಳ ಸೆರಗು ಹಿಡಿದುಕೊಂಡಿದ್ದೆ.

ಒಂದು ಸಣ್ಣ ಗಂಟು ಇದೆ ಅಂದರು. ತುಮಕೂರಿಗೆ ಬಂದು ಸ್ಕ್ಯಾನ್ ಮಾಡಿಸಿ ಅಂದರು. ರಿಪೋರ್ಟ್ ಬರುವ ತನಕ ಅವಳು ನಮ್ಮ ಮನೆಯಲ್ಲಿದ್ದಳು, ಅಕ್ಕ ಮಲಗುತ್ತಿದ್ದ ಕೋಣೆಯಲ್ಲಿ. ನಾನು ಹೊಲಿದಿಟ್ಟಿದ್ದ ರವಿಕೆಗಳಿಗೆಲ್ಲ ಹುಕ್ಸ್ ಹಾಕಿಕೊಟ್ಟಳು. ಗಾರ್ಮೆಂಟ್ಸಿನ ಕೈ, ಒಂದೂ ಸೊಟ್ಟ ಇರಲಿಲ್ಲ. ರಿಪೋರ್ಟ್ ಬಂತು. ಅದು ಬರೀ ಗಂಟು, ಕ್ಯಾನ್ಸರ್ ಅಲ್ಲ, ವರ್ಷಕ್ಕೊಮ್ಮೆ ತಪ್ಪದೆ ಬನ್ನಿ ಅಂದರು. ಬಸ್ ಸ್ಟ್ಯಾಂಡಿಗೆ ಬಂದು ಕುಣಿಗಲ್ ಬಸ್ಸು ಹತ್ತಿಸಿದೆ. ಕಿಟಕಿಯಿಂದ, "ಅಮ್ಮನೂ ಅವತ್ತು ನಿಮ್ಮೂರಲ್ಲಿ ವ್ಯಾನ್ ಹತ್ತಿದ್ರೆ?" ಅಂದಳು. ಬಸ್ಸು ಹೊರಟಿತು.

ಆ ದಿನ ತೋರಿಸಿಕೊಂಡವರಲ್ಲಿ ಇಬ್ಬರಿಗೆ ಕಾಯಿಲೆ ಇತ್ತು. ಒಬ್ಬರಿಗೆ ಬಾಯಲ್ಲಿ, ಒಬ್ಬರಿಗೆ ಸ್ತನದಲ್ಲಿ. ಇನ್ನೂ ಶುರುವಿನಲ್ಲೇ ಸಿಕ್ಕಿದೆ ಅಂದರು. ಇಬ್ಬರೂ ಚಿಕಿತ್ಸೆಯಲ್ಲಿದ್ದಾರೆ. ಊರಿನ ವಿಳಾಸವನ್ನೇ ಕೊಟ್ಟಿದ್ದಾರೆ. ಅಕ್ಕನನ್ನೂ ಸೇರಿಸಿದರೆ ನಮ್ಮ ಹುಟ್ಟೂರು ಈಗ ಇದ್ದಕ್ಕಿದ್ದ ಹಾಗೆ ಕ್ಯಾನ್ಸರ್ ಇರುವ ಊರಾಗಿದೆ. ವ್ಯಾನು ಬಂದದ್ದಕ್ಕೇ ಕಾಯಿಲೆ ಬಂತು ಅನ್ನುವವರೂ ಇದ್ದಾರೆ. ಇಲ್ಲಿ ಏರುತ್ತಿದೆ, ಅಲ್ಲಿ ಇಲ್ಲ ಅಂತ ಯಾರಾದರೂ ಹೇಳಿದರೆ ನಾನೀಗ ತಕ್ಷಣ ಹೆದರುವುದಿಲ್ಲ. ಅಲ್ಲಿಗೆ ಯಾರಾದರೂ ಹೋಗಿ ನೋಡಿದ್ದಾರಾ ಅಂತ ಯೋಚಿಸುತ್ತೇನೆ.

ಹೋದ ತಿಂಗಳು ಅಕ್ಕನ ಮಗನಿಗೆ ಹುಟ್ಟಿದ ಮಗುವಿನ ನಾಮಕರಣವಿತ್ತು, ಅದೇ ಮನೆಯಲ್ಲಿ. ಯಡಿಯೂರಿನಿಂದ ಆಚೆಯ ಊರಿನ ನೆಂಟರ ಹೆಂಗಸೊಬ್ಬಳು ಬಂದಿದ್ದಳು. ವಯಸ್ಸು ಅಕ್ಕನಷ್ಟೇ ಇರಬಹುದು. ಊಟಕ್ಕೆ ಕೂತಾಗ ಬ್ಯಾಗಿನಿಂದ ದೊಡ್ಡ ಬಾಟಲಿ ತೆಗೆದು ಎಲೆಯ ಪಕ್ಕ ಇಟ್ಟುಕೊಂಡಳು. ನೀರು ಬಡಿಸಲು ಬಂದ ಅಕ್ಕನ ಮಗಳು ಜಗ್ಗು ಹಿಡಿದುಕೊಂಡು ಅಲ್ಲೇ ನಿಂತಳು.

"ಅತ್ತೆ, ಮನೆಯಿಂದ ತಂದ್ರಾ?"

"ಹೂಂ ಕಣವ್ವ. ತಪ್ಪು ತಿಳ್ಕಬೇಡ. ನಿಮ್ಮೂರ್ ನೀರಲ್ಲಿ ಏನೋ ಐತಂತಲ್ಲ."

"ನಿಮ್ಮೂರಿಗೆ ವ್ಯಾನ್ ಬಂದಿತ್ತಾ ಅತ್ತೆ?"

"ಯಾವ್ ವ್ಯಾನು? ಅದಾ? ನಮ್ಮೂರ್ನಲ್ಲಿ ಆ ಕಾಯ್ಲೆ ಇಲ್ವಲ್ಲ."

ಅಕ್ಕನ ಮಗಳು ತಿರುಗಿ ನನ್ನನ್ನು ನೋಡಿದಳು. ನಾನು ನನ್ನ ಎಲೆಯನ್ನು ಎತ್ತಿಕೊಂಡು ಹೋಗಿ ಆ ಹೆಂಗಸಿನ ಪಕ್ಕದಲ್ಲಿ ಕೂತೆ. ಅವಳು ಸ್ವಲ್ಪ ಸರಿದು ಜಾಗ ಬಿಟ್ಟಳು. ಬಾಟಲಿಯ ನೀರು ಸಿಹಿಯಾಗಿದೆಯಾ ಅಂತ ಕೇಳಿದೆ. ಬಲು ಸಿಹಿ ಅಂದಳು. ನನಗೂ ಒಂದು ಲೋಟ ಬಗ್ಗಿಸಿದಳು. ಕುಡಿದು, ನನಗೊಬ್ಬಳು ಅಕ್ಕ ಇದ್ದಳು ಅಂತ ಹೇಳಲು ಶುರು ಮಾಡಿದೆ.